ಅತ್ತೆಯ ಮಂದ ಕಿವಿ

ನಮ್ಮ ಅತ್ತೆ ನಕ್ಕರೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಮೂಗುತಿ ನಡುಗುತ್ತಿತ್ತು, ಸದ್ದು ಬರುವುದು ಕಡೆಗೆ. ಬಂತೆಂದರೆ ಇಡೀ ಓಣಿಗೆ ಕೇಳಿಸುತ್ತಿತ್ತು. ಗಡಿಯಾಚೆ ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಮನೆಯ ಹಿಂಭಾಗದಲ್ಲೇ ಪಾವರ್‌ಲೂಮ್ ಮಗ್ಗಗಳು. ಮದುವೆಯಾಗಿ ಬಂದಂದಿನಿಂದ ಅವುಗಳ ಖಟಖಟದಲ್ಲೇ ಬಾಳಿದ ಅವರ ಕಿವಿ ಮಂದವಾಗಿತ್ತು. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸದೆಂದು ತಿಳಿದು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದರು.

ಅವರ ಮನೆಮಾತು ಕನ್ನಡವಾದರೂ ಶಾಲೆ ಮರಾಠಿಯದು; ಕನ್ನಡ ಅಕ್ಷರ ಬಾರದು. ಸೊಸೆಯಾಗಿ ಬಂದ ನಾನು ದತ್ತವಾಡದ ಕನ್ನಡ ಶಾಲೆಯಲ್ಲಿ ಕಲಿತವಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದುದನ್ನು ಒಂದು ಮಧ್ಯಾಹ್ನ ಅತ್ತೆ ಕಂಡರು.

"ಏನ ಬರ್ಯಾಕತ್ತೀ?"

"ಏನಿಲ್ರಿ, ಸುಮ್ನ."

"ಸುಮ್ನ ಬರದದ್ದ ಓದ ನೋಡೂಣು. ಜೋರಾಗಿ ಓದ."

ಅಂದಿನಿಂದ ಅದೇ ರೂಢಿಯಾಯಿತು. ಕೆಲಸಗಾರರು ಊಟಕ್ಕೆದ್ದು ಮಗ್ಗಗಳು ನಿಂತ ಹೊತ್ತಿನಲ್ಲಿ ಅವರು ಶೇಂಗಾದ ಮೊರ ಹಿಡಿದು ಕೂರುವರು. ನಾನು ಅಂದಿನ ಪುಟವನ್ನು ಕೂಗಿ ಓದಬೇಕು. ಬೇಸರವಾದರೆ ಮುಚ್ಚುಮರೆಯಿಲ್ಲ: "ಭಾಳ ಎಳದಿ ಬಿಡ. ನಾಳಿ ಬ್ಯಾರೆ ಬರಿ." ಹಬ್ಬವಿರಲಿ, ಬೀಗರು ಬಂದಿರಲಿ, "ಇವತ್ತಿಂದು ಎಲ್ಲಿ?" ಎನ್ನುವುದು ತಪ್ಪಲಿಲ್ಲ.

ಒಮ್ಮೆ 'ನನ್ನ ಹೃದಯದ ನೀಲಾಕಾಶದಲ್ಲಿ ನೆನಪಿನ ಬೆಳ್ಳಕ್ಕಿಗಳು' ಎಂದು ಗಂಟಲು ಹರಿಯುವಂತೆ ಓದಿದೆ. ಗೋಡೆಯಾಚೆಯಿಂದ ನೆರೆಮನೆಯಾಕೆ, "ವೈನಿ, ಏನ ಹಾರಾಕತ್ತಾವರಿ?" ಎಂದು ಕೂಗಿ ಕೇಳಿದಳು. ಅತ್ತೆಯ ಹೊಟ್ಟೆ ಕುಲುಕತೊಡಗಿತು. ನಾನೂ ನಕ್ಕೆ. ಕೂಗಿ ಹೇಳಲು ನಾಚಿಕೆಯಾಗುವ ಮಾತುಗಳು ಆಮೇಲೆ ಒಂದೊಂದಾಗಿ ನನ್ನ ಬರಹ ಬಿಟ್ಟು ಹೋದವು.

ನನ್ನ ಅವ್ವ ತೀರಿಕೊಂಡಾಗ ಮಾತ್ರ, ಅವಳ ಬಗ್ಗೆ ಬರೆದದ್ದನ್ನು ಓದಲು ದನಿಯೇ ಏಳಲಿಲ್ಲ. ಅತ್ತೆ ಮೊರ ಬದಿಗಿಟ್ಟರು.

"ಕೇಳಸ್ಲಿಲ್ಲ ನನಗ. ಇರ್ಲಿ, ನಾಳಿ ಮತ್ತ ಬರಿ."

ಮರುದಿನವೂ ಅಷ್ಟೇ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೇಳುವವರನ್ನು ಅಳಿಸಬೇಕೆಂದೇ ಬರೆದ ಸಾಲುಗಳೆಲ್ಲ ಹೋದವು. ಅವ್ವ ಕಬ್ಬಿನ ಹೊಲದಿಂದ ಬಂದು, ಕಾಲಿನ ಕೆಸರೂ ತೊಳೆಯದೆ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದುದು, ಉಪ್ಪಿಟ್ಟಿಗೆ ಸಕ್ಕರೆ ಸುರಿಯುತ್ತಿದ್ದುದು ಇಷ್ಟೇ ಉಳಿದಾಗ, ಒಂದು ಮಧ್ಯಾಹ್ನ ಕಡೆಯವರೆಗೂ ಓದಿದೆ. ಅತ್ತೆ ಕಣ್ಣೊರೆಸಿಕೊಂಡು, "ಉಪ್ಪಿಟ್ಟಿಗೆ ಸಕ್ರಿ? ಮೊದಲ ಹೇಳಬಾರದಿತ್ತ?" ಎಂದರು. ಮರುದಿನ ಬೆಳಿಗ್ಗೆ ಹಾಗೆಯೇ ಮಾಡಿಕೊಟ್ಟರು.

ಹೋದ ವರ್ಷ ಅವರನ್ನು ಕೊಲ್ಲಾಪುರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು. ಆದರೂ ಮಧ್ಯಾಹ್ನವಾದರೆ ಓದೆಂದು ನನ್ನತ್ತ ಕೈಸನ್ನೆ ಮಾಡುವರು. ನಾನು ಎಂದಿನಂತೆ ಓದುವೆ. ಅವರು ನನ್ನ ಬಾಯನ್ನೇ ನೋಡುವರು. ನರ್ಸ್ ಬಂದು, "ಹಳೂ, ತಾಯಿ, ಹಳೂ" ಎಂದು ಮೆಲ್ಲಗೆ ಓದಲು ಹೇಳಿದಳು. ಪಕ್ಕದ ಹಾಸಿಗೆಯಲ್ಲಿದ್ದ ಗಡಹಿಂಗ್ಲಜದ ಅಜ್ಜಿ ಅವಳಿಗೆ, "ವಾಚೂ ದ್ಯಾ ಹೋ" ಎಂದು ಮರಾಠಿಯಲ್ಲಿ, ಓದಲು ಬಿಡುವಂತೆ ಬೇಡಿಕೊಂಡು, ನನ್ನ ಕಡೆ ತಿರುಗಿ, "ಮುಂದ ಏನಾತವ್ವಾ?" ಎಂದಳು.

ಆ ವಾರವೇ ಅತ್ತೆ ತೀರಿಹೋದರು. ಅವರ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಾಗ ಅಜ್ಜಿ ನನ್ನ ಸೆರಗು ಹಿಡಿದಳು.

"ದಿನಾ ಓದತಿದ್ದೆಲ್ಲವ್ವಾ, ಅದನ್ನ ಬರದಾವ್ರು ಯಾರು?"

"ನಾನರಿ" ಎಂದೆ.

ಹೊರಗಿನವರೊಬ್ಬರ ಮುಂದೆ ನಾನು ಹಾಗೆ ಹೇಳಿಕೊಂಡದ್ದು ಅದೇ ಮೊದಲು.