ಗ್ಯಾರೇಜ್ ಬಾಗಿಲಿಗೆ ಒಳಚಿಲಕ

ಮದುವೆಯಾಗಿ ಒಂದೂವರೆ ವರ್ಷ ನಾನು ಊರಿನಲ್ಲಿ, ಇವರು ದೋಹಾದಲ್ಲಿ. ಕೊನೆಗೊಂದು ದಿನ ಇವರ ಕಾಗದ ಬಂತು. ‘ಹೊಸ ಮನೆ ಸಿಕ್ಕಿತು, ಬಿನ್ ಒಮ್ರಾನಿನಲ್ಲಿ. ಮೆಟ್ಟಿಲು ಹತ್ತಲಿಕ್ಕಿಲ್ಲ. ನಮಗೇ ಅಂತ ಬೇರೆ ಬಾಗಿಲು ಉಂಟು, ಬಾಗಿಲು ಬಹಳ ಅಗಲ.’ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇವತ್ತಿಗೂ ನನಗೆ ಮೈ ಉರಿಯುವುದು ಅದಕ್ಕೇ. ಸುಳ್ಳು ಬರೆದಿದ್ದರೆ ಸುಳ್ಳುಗಾರ ಅಂತ ಬೈದು ಮುಗಿಸಬಹುದಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಜನವರಿಯಲ್ಲಿ ಟ್ಯಾಕ್ಸಿಯಿಂದ ಇಳಿದು ನೋಡುತ್ತೇನೆ, ದೊಡ್ಡ ವಿಲ್ಲಾದ ಪಕ್ಕದಲ್ಲಿ ಅಂಗಡಿಗೆ ಹಾಕುವಂಥ ತಗಡಿನ ಶಟರ್. ಇವರು ಬಗ್ಗಿ ಅದನ್ನು ಗರಗರ ಮೇಲೆತ್ತಿ, ‘ಬಾ’ ಅಂದರು. ಒಳಗೆ ಒಂದು ಮಂಚ, ಒಂದು ಗ್ಯಾಸ್ ಒಲೆ, ಹಿಂದೆ ಒಂದು ಬಚ್ಚಲು. ನೆಲದಲ್ಲಿ ಎಣ್ಣೆ ಸುರಿದ ಕರಿ ಗುರುತು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ.

ವಿಲ್ಲಾ ಒಬ್ಬ ಕತಾರಿಯದು. ಅವನಿಂದ ಒಂದು ಸಂಸಾರಕ್ಕೆ ಅಂತ ಬಾಡಿಗೆಗೆ ಹಿಡಿದು, ನಡುನಡುವೆ ಪ್ಲೈವುಡ್ ನಿಲ್ಲಿಸಿ ಆರು ಸಂಸಾರಗಳನ್ನು ತುಂಬಿಸಿದವರು ನಮ್ಮ ಕರಾವಳಿಯವರೇ. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು, ಎಲ್ಲರಿಗೂ ಅಂಕಲ್. ಅವರ ಮನೆಮಾತು ಬೇರೆ, ನಮ್ಮದು ಕೊಂಕಣಿ, ನಡುವೆ ಕನ್ನಡ. ಅವರು ನನಗೆ ಹೇಳಿದ ಮೊದಲ ಮಾತೇ, ‘ಗ್ಯಾರೇಜು ಅಂತ ಹೇಳಬೇಡಿ, ಔಟ್‌ಹೌಸ್ ಅಂತ ಹೇಳಿ.’ ಆದರೆ ರಸ್ತೆಯಲ್ಲಿ ಹೋಗುವ ಕತಾರಿ ಯಜಮಾನನ ಕಣ್ಣಿಗೆ ಅದು ಗ್ಯಾರೇಜಾಗಿಯೇ ಕಾಣಬೇಕಂತೆ. ಹಾಗಾಗಿ ಶಟರ್ ಕಿತ್ತು ಗೋಡೆ ಕಟ್ಟುವ ಹಾಗಿಲ್ಲ. ನಾವು ಬಾಡಿಗೆ ಕೊಡುವಾಗ ಮನೆ, ಅವನು ನೋಡುವಾಗ ಗ್ಯಾರೇಜು. ಈ ಲೆಕ್ಕ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು, ನನಗೊಬ್ಬಳಿಗೆ ಆಗಲಿಲ್ಲ.

ಗಲ್ಫ್ ಅಂದರೆ ಬರೀ ಬಿಸಿಲು ಅಂತ ಎಣಿಸಿ ನಾನು ಒಂದು ಸ್ವೆಟರೂ ತಂದಿರಲಿಲ್ಲ. ಬಡಗಣ ಗಾಳಿ ಎದ್ದರೆ ಶಟರಿನ ಅಡಿಯಿಂದ ಮರಳು ನುಗ್ಗುತ್ತಿತ್ತು, ತಗಡು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಇವರು ಏಸಿ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ಹೊಸ ಏಸಿಗಳ ಪೆಟ್ಟಿಗೆಯಿಂದ ತೆಗೆದ ಥರ್ಮಕೋಲ್ ಹಾಳೆಗಳನ್ನು ಹೊತ್ತು ತಂದು, ಶಟರಿನ ಒಳಮೈಗೆ ಗಮ್ಮಿನಲ್ಲಿ ಅಂಟಿಸಿದರು. ಅಂಟಿಸಲಿಕ್ಕೆ ಒಂದು ಇಡೀ ಶುಕ್ರವಾರ ಹೋಯಿತು. ಮಾರನೆಯ ದಿನ ಕೆಲಸಕ್ಕೆ ಹೊರಡಲು ಶಟರ್ ಎತ್ತಿದರು ನೋಡಿ. ಶಟರ್ ಸುರುಳಿ ಸುತ್ತಿಕೊಳ್ಳುವ ವಸ್ತು, ಥರ್ಮಕೋಲ್ ಸುತ್ತಿಕೊಳ್ಳದ ವಸ್ತು. ಪಟಪಟ ಒಡೆದು, ಬಿಳಿ ಕಾಳು ಇವರ ತಲೆ, ಮೀಸೆ, ನನ್ನ ಚಹಾದ ಲೋಟ ಎಲ್ಲದರೊಳಗೆ. ದಿನವೂ ಎರಡು ಸಲ ಆ ಶಟರ್ ಎತ್ತುವ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಅಂತ ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ವಾರಗಟ್ಟಲೆ ಆ ಕಾಳು ಗುಡಿಸಿದ್ದೇನೆ.

ಚಳಿಯನ್ನಾದರೂ ಕಂಬಳಿ ಹೊದ್ದು ತಡೆದುಕೊಳ್ಳಬಹುದು. ತಡೆಯಲಾಗದ್ದು ಬೇರೆಯೇ ಇತ್ತು. ಆ ಶಟರಿಗೆ ಚಿಲಕ, ಕೊಂಡಿ ಎಲ್ಲ ಇದ್ದದ್ದು ಹೊರಗಡೆ ಮಾತ್ರ. ಒಳಗಿನಿಂದ ಭದ್ರ ಮಾಡಲು ಏನೂ ಇಲ್ಲ. ಇವರು ಹೋದ ಮೇಲೆ ನಾನು ಸೂಟ್‌ಕೇಸನ್ನು ಶಟರಿಗೆ ಒತ್ತಿಟ್ಟು ಕೂರುತ್ತಿದ್ದೆ. ಮೇಲಕ್ಕೆ ಏಳುವ ಬಾಗಿಲನ್ನು ಸೂಟ್‌ಕೇಸ್ ಹೇಗೆ ತಡೆದೀತು? ಆದರೂ ಇಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯಿರಬೇಕು. ತಲೆಗೆ ಸ್ನಾನ ಮಾಡಿ, ನೈಟಿಯಲ್ಲಿ ಕೂದಲು ಹರಡಿ ಕುಳಿತಿದ್ದೆ. ಶಟರ್ ಗರಗರ ಅಂತ ಮೇಲೆದ್ದಿತು. ಮೊದಲು ಎರಡು ಚಪ್ಪಲಿ, ಆಮೇಲೆ ಪ್ಯಾಂಟು, ಆಮೇಲೆ ಮುಖ. ವಿಲ್ಲಾದ ಹಿಂದಿನ ಕೋಣೆಯ ಬಾಡಿಗೆದಾರ, ಏಣಿ ಹುಡುಕಿಕೊಂಡು ಬಂದವನು. ನನಗಿಂತ ಹೆಚ್ಚು ಅವನೇ ಹೆದರಿದ. ‘ಸಾರಿ ಸಿಸ್ಟರ್, ಗ್ಯಾರೇಜು ಅಂತ ಎಣಿಸಿದೆ’ ಅಂದು ಹಾಗೇ ಕೆಳಗೆಳೆದು ಓಡಿದ. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ಮಧ್ಯಾಹ್ನ ಇವರು ಬಂದಾಗ ಎಲ್ಲ ಹೇಳಿದೆ. ನಾವಿಬ್ಬರೂ ಮಾತಾಡುವುದು ಕೊಂಕಣಿಯಲ್ಲಿ. ಆದರೆ ಮದುವೆಗೆ ಮೊದಲು ನಾನು ಊರಿನ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವಳು, ಸಿಟ್ಟು ಬಂದರೆ ಕನ್ನಡವೇ ಬರುವುದು. ಇವರು ಸ್ವಲ್ಪ ಯೋಚಿಸಿ, ‘ಹಾಗಾದರೆ ನಾಳೆಯಿಂದ ಹೊರಗಿನಿಂದ ಬೀಗ ಹಾಕಿ ಹೋಗಲಾ?’ ಅಂದರು.

‘ಬೀಗ ಹಾಕಲಿಕ್ಕೆ ನಾನೆಂತ ಸಾಮಾನಾ?’ ಅಂದೆ.

ಸ್ಟೋರ್‌ಕೀಪರಿಗೆ ಬೇರೆ ಏನು ಹೊಳೆದೀತು. ಒಳಚಿಲಕ ಇರುವ ಬಾಗಿಲು ಬರಬೇಕು, ಇಲ್ಲವಾದರೆ ನನ್ನ ಟಿಕೆಟ್ ಮಾಡಿಸಿ ಅಂದೆ. ತಮಾಷೆಗೆ ಅಂದದ್ದಲ್ಲ. ಪಾಸ್‌ಪೋರ್ಟ್ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡೆ.

ಶಟರಿನ ಅಡಿ ಹೇಗೂ ತುಕ್ಕು ತಿಂದು ಉದುರುತ್ತಿತ್ತು. ಆದ್ದರಿಂದ ಅಂಕಲ್ ಹೊಸದು ಹಾಕಿಸಲು ಒಪ್ಪಿದರು, ಅದೂ ಗ್ಯಾರೇಜ್ ಬಾಗಿಲೇ ಆಗಬೇಕು ಅನ್ನುವ ಷರತ್ತಿನ ಮೇಲೆ. ಗುರುವಾರ ಸಂಜೆ ಅವರ ಪಿಕಪ್‌ನಲ್ಲಿ ಮೂವರೂ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆವು. ಅಂಗಡಿಯ ಮಲಯಾಳಿ ಒಂದೊಂದೇ ಬಾಗಿಲು ತೋರಿಸಿದ. ಸುರುಳಿ ಸುತ್ತದೆ ಹಲಗೆ ಹಲಗೆಯಾಗಿ ಮೇಲೇರುವ ಒಂದರ ಎರಡು ತಗಡಿನ ನಡುವೆ ಎರಡು ಬೆರಳು ದಪ್ಪ ಫೋಮ್ ಇತ್ತು, ಅಡಿಯಲ್ಲಿ ಮರಳು ಬಾರದಂತೆ ರಬ್ಬರ್ ಪಟ್ಟಿ. ಚಳಿಗೂ ಆಗುತ್ತದೆ, ಸೆಕೆಗೂ ಆಗುತ್ತದೆ ಅಂದ. ಮೊನ್ನೆ ಒಬ್ಬರು ಇಂಥ ನಾಲ್ಕು ಬಾಗಿಲು ಹಾಕಿಸಿದರಂತೆ, ಬಿಸಿಲಿಗೆ ಕಾರುಗಳ ಸೀಟು ಬಿರುಕು ಬಿಡಬಾರದು ಅಂತ. ಕಾರಿನ ಸೀಟಿನ ಬಗ್ಗೆ ಇಷ್ಟು ಕಾಳಜಿ ಇರುವ ಊರಿನಲ್ಲಿ ನಾನು ಥರ್ಮಕೋಲ್ ಗುಡಿಸುತ್ತಾ ಕೂತಿದ್ದೆ.

ಅಂಕಲ್ ಬಣ್ಣ ಆರಿಸಿದರು. ಇವರು ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ದಪ್ಪ ನೋಡಿದರು. ನನ್ನನ್ನು ಯಾರೂ ಕೇಳಲಿಲ್ಲ.

‘ಎಷ್ಟು ಕಾರು?’ ಅಂತ ಅಂಗಡಿಯವನು ಹಿಂದಿಯಲ್ಲಿ ಕೇಳಿದ.

‘ಒಂದೇ. ಸಣ್ಣದು’ ಅಂದರು ಇವರು.

‘ಹೊಸದಾ?’

‘ಹೌದು, ಈ ತಿಂಗಳೇ ಬಂದದ್ದು.’

ಯಾವ ಕಾರು? ನಮ್ಮ ಹತ್ತಿರ ಸೈಕಲ್ಲೂ ಇರಲಿಲ್ಲ. ಈ ತಿಂಗಳು ಬಂದದ್ದು ನಾನೊಬ್ಬಳೇ. ಪಿತ್ತ ನೆತ್ತಿಗೇರಿತು. ಇವರ ಮೊಣಕೈ ತಿವಿದು ‘ಚಿಲಕ’ ಅಂದೆ. ಇವರು ಗಂಟಲು ಸರಿಮಾಡಿಕೊಂಡು, ಒಳಗಿನಿಂದ ಹಾಕುವ ಒಂದು ಚಿಲಕವೂ ಬೇಕಿತ್ತು ಅಂದರು.

‘ಒಳಗಿನಿಂದ ಯಾಕೆ ಸಾರ್? ಕಾರು ಚಿಲಕ ಹಾಕಿಕೊಳ್ಳುತ್ತದಾ?’ ಅಂದು ಅಂಗಡಿಯವನು ನಕ್ಕ. ಅಂಕಲ್ ನಕ್ಕರು. ಅವರ ಜೊತೆ ಇವರೂ ನಕ್ಕರು.

ಅವರಿಬ್ಬರು ನಕ್ಕದ್ದು ಬಿಡಿ. ಇವರು ನಕ್ಕದ್ದು ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಹಿಂದಿ ಅಷ್ಟಕ್ಕಷ್ಟೇ. ಇದ್ದಷ್ಟರಲ್ಲೇ, ಅಂಗಡಿಯ ಆ ತುದಿಗೂ ಕೇಳುವ ಹಾಗೆ ಹೇಳಿದೆ:

‘ಅಲ್ಲಿ ಕಾರು ಇಲ್ಲ. ಅದರೊಳಗೆ ಇರುವುದು ನಾನು.’

ನಗು ನಿಂತಿತು. ಅಂಕಲ್, ‘ಎಂತ ಮಾರಾಯ್ತಿ, ಹಾಗೆಲ್ಲ ಹೇಳುವುದಾ?’ ಅಂತ ಕನ್ನಡದಲ್ಲಿ ಗೊಣಗಿದರು. ಕಾರು ಅಂತ ಸುಳ್ಳು ಹೇಳಬಹುದು, ಹೆಂಗಸು ಅಂತ ನಿಜ ಹೇಳಬಾರದು, ಅದು ಅವರ ನ್ಯಾಯ. ಅಂಗಡಿಯವನು ನನ್ನನ್ನು ನೋಡಿದ, ಇವರನ್ನು ನೋಡಿದ. ಮೇಜಿನ ಮೇಲಿದ್ದ ಟೇಪು ತೆಗೆದುಕೊಂಡು ನನ್ನ ಹತ್ತಿರವೇ ಬಂದು, ‘ಎಷ್ಟು ಎತ್ತರಕ್ಕೆ ಹಾಕಲಿ ಚೇಚಿ?’ ಅಂತ ಅಕ್ಕನನ್ನು ಕೇಳುವ ಹಾಗೆ ಕೇಳಿದ. ನಾನು ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದೆ. ಅವನು ಅಳೆದು ಬರೆದುಕೊಂಡ.

‘ಹೊರಗೆ ಕಾಣಬಾರದು’ ಅಂದರು ಅಂಕಲ್.

‘ಒಳಚಿಲಕ ಹೊರಗೆ ಹೇಗೆ ಕಾಣುತ್ತದೆ?’ ಅಂದ ಅವನು.

‘ಸರಿ, ಹಾಕು. ಖಲಾಸ್’ ಅಂದು ಅಂಕಲ್ ಹೋಗಿ ಪಿಕಪ್‌ನಲ್ಲಿ ಕುಳಿತರು. ಮನೆಗೆ ಬಂದು ನಾನು ಇವರ ಜೊತೆ ಮಾತು ಬಿಟ್ಟೆ. ಅನ್ನ ಬಡಿಸುತ್ತಿದ್ದೆ, ಅಷ್ಟೇ.

ಮುಂದಿನ ವಾರ ಬಾಗಿಲು ಬಂತು. ಬೆಳಿಗ್ಗೆ ಇವರು ಹೊರಟ ಮೇಲೆ ಬಾಗಿಲು ಇಳಿಸಿ ಚಿಲಕ ಎಳೆದೆ. ಟಕ್ ಅಂತು. ಮತ್ತೆ ತೆಗೆದು ಮತ್ತೆ ಹಾಕಿದೆ. ಆವತ್ತು ತಲೆಗೆ ಸ್ನಾನ ಮಾಡಿ, ಕೂದಲು ಒಣಗುವವರೆಗೆ ಬಾಗಿಲಿಗೆ ಬೆನ್ನು ಹಾಕಿ ಕೂತೆ.

ಮಧ್ಯಾಹ್ನ ಒಂದು ಗಂಟೆಗೆ ಯಾರೋ ಬಾಗಿಲು ಎತ್ತಲು ನೋಡಿದರು, ಏಳಲಿಲ್ಲ. ಆಮೇಲೆ ತಟ್ಟಿದರು.

‘ಯಾರು?’

‘ನಾನು. ಬಾಗಿಲು ತೆಗೆ.’

‘ಆವತ್ತು ಯಾಕೆ ನಕ್ಕದ್ದು?’ ಅಂದೆ.

ಹೊರಗೆ ಜೋರು ಗಾಳಿ ಇತ್ತು. ಹೋಗಿಬಿಟ್ಟರೇನೋ ಅಂದುಕೊಂಡೆ. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ಇಟ್ಟು ಹೇಳಿದಂತೆ ಸ್ವರ ಕೇಳಿತು.

‘ಹೆಂಡತಿಯನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ ಅಂತ ಹೇಳಲಿಕ್ಕೆ ನಾಚಿಕೆ ಆಯಿತು.’

ನನಗೆ ಅಳು ಬಂತು. ಅವರ ಮೇಲೆ ಕನಿಕರವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೂ ಒಲೆಯ ಮೇಲಿದ್ದ ಸಾರಿಗೆ ಒಗ್ಗರಣೆ ಕೊಟ್ಟು, ಪಾತ್ರೆ ಮುಚ್ಚಿ, ಕೈ ಒರೆಸಿಕೊಂಡೇ ಚಿಲಕ ಸರಿಸಿದೆ.