ಎಡಗಡೆಯ ಸ್ಪೀಕರು

ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯವರು ರೇಷ್ಮೆ ಸೀರೆ ನೇಯುತ್ತಿದ್ದರು. ಎಂಬತ್ತರ ದಶಕದಲ್ಲಿ ಅವರು ಟೇಪ್‌ರೆಕಾರ್ಡರಿನ ಜೊತೆಗೆ ಎರಡು ದೊಡ್ಡ ಸ್ಪೀಕರು ತಂದರು. ಎರಡರಿಂದಲೂ ಸಮದೂರದಲ್ಲಿ ಕೂತರೆ ಹಾಡುವವರು ಎದುರಿಗೇ ಬಂದು ನಿಲ್ಲುತ್ತಾರೆಂದು ಅಂಗಡಿಯವನು ಹೇಳಿದ್ದನಂತೆ. ಇವರು ನೂಲು ಹಿಡಿದು ಅಳೆದು, ನಡುಮನೆಯಲ್ಲಿ ಒಂದು ಕುರ್ಚಿ ಹಾಕಿದರು. ಯಾರು ಬಂದರೂ ಅದರಲ್ಲಿ ಕೂರಿಸಿ, "ಇನ್ನೊಂಚೂರು ಹಿಂದಕ್ಕೆ ಕಣಪ್ಪ," ಎನ್ನುತ್ತ ತಾವೇ ಎಳೆಯುತ್ತಿದ್ದರು. ಒಮ್ಮೆ ನನ್ನನ್ನು ಹಾಗೇ ಎಳೆದು ಅಡುಗೆಮನೆ ಸೇರಿಸಿದ್ದರು. ಅವರ ಹೆಂಡತಿ ಅಲ್ಲೇ ನನ್ನ ಕೈಗೆ ಕಾಫಿ ಕೊಟ್ಟರು.

ಕಲ್ಯಾಣದುರ್ಗದವರು ಇವರ ಮಗಳನ್ನು ನೋಡಲು ಬಂದಾಗ, ಹುಡುಗನ ಅಪ್ಪನಿಗೂ ಅದೇ ಕುರ್ಚಿ. ಹಾಡು ಶುರುವಾಯಿತು.

"ಎಡಗಡೇದು ಮಾತಾಡ್ತಾನೇ ಇಲ್ಲ ಕಣಣ್ಣ," ಎಂದರು ಆತ.

ಪಕ್ಕದ ಮನೆಯವರ ಮುಖ ಸಣ್ಣದಾಯಿತು. ಕುರ್ಚಿ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಕೊನೆಗೆ ಸ್ಕ್ರೂಡ್ರೈವರ್ ತಂದು ಎಡಗಡೆಯ ಸ್ಪೀಕರು ಬಿಚ್ಚತೊಡಗಿದರು. ಮಗಳು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಯಾರೂ ನೋಡಲಿಲ್ಲ.

ಆಗ ಹುಡುಗನ ತಾಯಿ ಮೆಲ್ಲಗೆ, "ಡಬ್ಬ ಸರಿಯಾಗೇ ಐತಣ್ಣ. ನಮ್ಮೋರಿಗೆ ಆ ಕಿವಿ ಕೇಳ್ಸಲ್ಲ," ಎಂದರು. ಅವರ ಗಂಡ ತಲೆ ತಗ್ಗಿಸಿ ಟವಲಿನ ಅಂಚು ಹಿಡಿದು ಕೂತರು.

ಪಕ್ಕದ ಮನೆಯವರು ಸ್ಕ್ರೂ ಬಿಗಿದು, ಆ ಸ್ಪೀಕರನ್ನು ಎತ್ತಿ ಬಲಗಡೆಯದರ ಪಕ್ಕದಲ್ಲೇ ಇಟ್ಟರು.

"ಈಗ ಕೇಳಣ್ಣ."

ಆತ ಕಣ್ಣು ಮುಚ್ಚಿ ತಲೆದೂಗಿದರು. ಸಂಬಂಧ ಅವತ್ತೇ ಕುದುರಿತು. ಮದುವೆಯಾದ ಮೇಲೂ, ಬೀಗರು ಬರುತ್ತಾರೆಂದು ಕಾಗದ ಬಂದರೆ ಸಾಕು, ಇವರು ಮೊದಲು ಎಡಗಡೆಯ ಸ್ಪೀಕರನ್ನು ಬಲಕ್ಕೆ ಹೊತ್ತೊಯ್ದು, ಆಮೇಲೆ ಹೆಂಡತಿಗೆ ಸುದ್ದಿ ಹೇಳುತ್ತಿದ್ದರು.