ಸಾಹೇಬರಿಗೆ ಅಮ್ಮ ಆದಾಗ

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ನಾನು ಬರೆದ ಪ್ರೋಗ್ರಾಮು ಬೇರೆ ಯಾರಿಗೂ ಅರ್ಥವಾಗದಿದ್ದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಎಂಬತ್ತರ ದಶಕದಲ್ಲಿ ಹೊಸೂರಿನ ಒಂದು ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಆ ತಣ್ಣನೆಯ ಕೋಣೆಯಲ್ಲಿ ನನ್ನದೇ ದರ್ಬಾರು. ಅದನ್ನು ನೋಡಿಯೇ ಮ್ಯಾನೇಜರು ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಕೈಯಿರುವ ಕುರ್ಚಿ ಬಂತು, ಕೈಕೆಳಗೆ ಮೂವರು ಬಂದರು.

ಆ ಮೂವರಿಗೆ ನಾನು ಕೊಟ್ಟ ಕೆಲಸ, ನನ್ನನ್ನು ನೋಡುತ್ತಾ ನಿಲ್ಲುವುದು. ಅವರಲ್ಲಿ ಬೇರಿಕೆ ಊರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸರೋಜ ಬರೆದದ್ದನ್ನು ಸಂಜೆ ಅಳಿಸಿ ನಾನೇ ಮತ್ತೆ ಬರೆಯುತ್ತಿದ್ದೆ. ತಪ್ಪೇನಿತ್ತು ಎಂದು ಆಕೆ ಒಂದೆರಡು ಸಲ ಕೇಳಿದ್ದಳು. ತಪ್ಪೇನೂ ಇರಲಿಲ್ಲ, ನನ್ನದಾಗಿರಲಿಲ್ಲ ಅಷ್ಟೇ. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಗೌಡನ ಹೆಸರಿರುತ್ತದೆ, ಮಣ್ಣು ಹೊತ್ತವರದು ಇರುವುದಿಲ್ಲ. ನಾನು ಆ ಗೌಡನನ್ನೂ ಮೀರಿಸಿದವನು, ಮಣ್ಣನ್ನೂ ಬೇರೆಯವರಿಗೆ ಹೊರಲು ಬಿಡಲಿಲ್ಲ.

ಉಗ್ರಾಣದ ಬಿಡಿಭಾಗಗಳ ಪಟ್ಟಿ ತಿಂಗಳ ಕೊನೆಗೆ ಕಂಪ್ಯೂಟರಿನಿಂದ ಸರಿಯಾಗಿ ಬರದಿದ್ದರೆ ವಿಭಾಗವನ್ನೇ ಮುಚ್ಚುತ್ತೇನೆ ಎಂದು ಮ್ಯಾನೇಜರು ಹೇಳಿದರು. ಆ ವಾರವೇ ನನಗೆ ಅಮ್ಮ ಆಯಿತು, ಸೀತಾಳೆ ಸಿಡುಬು. ಆಲಸನತ್ತದ ನಮ್ಮ ಮನೆ ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಮೈತುಂಬ ಗುಳ್ಳೆಯಿದ್ದರೂ ನನಗೆ ಪಟ್ಟಿಯದೇ ಚಿಂತೆ. ನಾಲ್ಕು ಹಾಳೆ ಸೂಚನೆ ಬರೆದು, ಆಫೀಸಿಗೆ ಕಳಿಸು ಎಂದು ಅವ್ವನ ಕೈಗಿಟ್ಟೆ.

“ಅಮ್ಮ ಮನೇಲವ್ಳೆ. ತಲೆಗ್ ನೀರ್ ಹಾಕೋಗಂಟ ಒಂದ್ ಕಾಗ್ದಾನೂ ಆಚೆಗ್ ಹೋಗಂಗಿಲ್ಲ. ಸುಮ್ಕೆ ಬಿದ್ಕೊ ಕಣ್ಲಾ” ಎಂದಳು ಅವ್ವ. ಹಾಳೆಗಳು ಒಲೆಗೆ ಹೋದವು.

ನಾನಿಲ್ಲದೆ ಅಲ್ಲಿ ಎಲ್ಲವೂ ಕೆಟ್ಟು ನಿಂತಿರುತ್ತದೆ, ಯಾರಾದರೂ ಓಡಿ ಬರುತ್ತಾರೆ ಎಂದು ಕಿಟಕಿ ನೋಡುತ್ತಾ ಮಲಗಿದೆ. ಯಾರೂ ಬರಲಿಲ್ಲ. ತುರಿಕೆಗಿಂತ ಅದೇ ಹೆಚ್ಚು ಬಾಧಿಸಿತು.

ತಿಂಗಳ ಕೊನೆಯ ದಿನ ಸರೋಜ ಬಂದು ಬೀದಿಯಲ್ಲೇ ನಿಂತಳು. ಪಟ್ಟಿ ಬಂದಿದೆ, ಉಗ್ರಾಣದವರು ಒಂದೊಂದೇ ಕಪಾಟಿಗೆ ಹೋಗಿ ತಾಳೆ ನೋಡಿದ್ದಾರೆ, ಎಲ್ಲ ಸರಿಯಿದೆ, ವಿಭಾಗ ಉಳಿಯಿತು ಎಂದು ಕೂಗಿ ಹೇಳಿದಳು. ನಾನು ಬರೆದಿಟ್ಟಿದ್ದ ಪ್ರೋಗ್ರಾಮು ತೊಂದರೆ ಕೊಡಲಿಲ್ಲ ತಾನೆ ಎಂದು ಮಲಗಿದಲ್ಲಿಂದಲೇ ಗತ್ತಿನಿಂದ ಕೇಳಿದೆ.

“ನಿಮ್ದು ನಮ್ಗ್ಯಾರ್ಗೂ ಅರ್ಥ ಆಗ್ಲಿಲ್ಲ ಸಾರ್. ಅದ್ನ ತೆಗ್ದಿಟ್ಬುಟ್ಟು ನಾವೇ ಹೊಸ್ದಾಗಿ ಬರ್ಕೊಂಡ್ವಿ.”

ಮುಖ ಬಿಸಿಯಾಯಿತು. ಹೇಗೆ ಬರೆದಿರಿ ಎಂದು ತಪ್ಪು ಹುಡುಕಲೆಂದೇ ಕೇಳಿದೆ. ಕೆಲಸವನ್ನು ಮೂರು ಪಾಲು ಮಾಡಿಕೊಂಡು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ನೋಡಿದೆವು ಎಂದು ಆಕೆ ತಡವರಿಸದೆ ವಿವರಿಸಿದಳು. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ನಾನಿಲ್ಲದೆಯೂ ನನ್ನವರು ಇಷ್ಟು ಮಾಡಿದ್ದಾರಲ್ಲ ಎಂದು ಆಗ ನನಗೆ ಬಂದ ಸಂತೋಷ, ಕುರ್ಚಿ ಸಿಕ್ಕ ದಿನವೂ ಬಂದಿರಲಿಲ್ಲ. ಜೋರಾಗಿ ನಕ್ಕುಬಿಟ್ಟೆ. ನಗಬೇಡ, ಹಕ್ಕಳೆ ಕಿತ್ತು ಬರುತ್ತದೆ ಎಂದು ಅವ್ವ ಗದರಿದಳು.

ತಲೆಗೆ ನೀರು ಹಾಕಿಸಿಕೊಂಡು ಆಫೀಸಿಗೆ ಹೋದರೆ, ಪಟ್ಟಿ ಸರಿಬಂತೆಂದು ಮ್ಯಾನೇಜರು ನನ್ನ ಕೈ ಕುಲುಕಿದರು. ನನ್ನ ಪ್ರೋಗ್ರಾಮು ಬೀರುವಿನಲ್ಲಿದೆ ಸಾರ್, ಓಡಿದ್ದು ಇವರದು, ಮುಂದೆ ನಿಂತವಳು ಸರೋಜ ಎಂದೆ. ಅವರು ಹೊಸ ಶೆಡ್ಡಿನಲ್ಲಿ ಇನ್ನೊಂದು ವಿಭಾಗ ಕಟ್ಟಲು ನನ್ನನ್ನು ಕಳಿಸಿದರು. ಹಳೆಯದನ್ನು ಸರೋಜಳಿಗೇ ಕೊಟ್ಟರು.

ಹೊರಡುವ ದಿನ ಸರೋಜಳಿಗೊಂದು ಬುದ್ಧಿಮಾತು ಹೇಳದೆ ನನ್ನಿಂದ ಇರಲಾಗಲಿಲ್ಲ. ಮುಖ್ಯಸ್ಥೆಯಾಗಬೇಕಾದರೆ ಒಂದು ಸಲವಾದರೂ ಅಮ್ಮ ಆಗಿ ಇಪ್ಪತ್ತು ದಿನ ಮನೆಯಲ್ಲಿ ಬಿದ್ದಿರಬೇಕು ಎಂದೆ.

ಆಕೆ ಕೈಯಿರುವ ಕುರ್ಚಿ ಎಳೆದು ಕೂತಳು. “ನಂಗ್ ಚಿಕ್ಕೋಳಿದ್ದಾಗ್ಲೇ ಆಗೋಗೈತೆ, ಸಾರ್.”